‘ಬೆಳಕು ಬರುತ್ತಾ?’ ಎಂದು ಯಾರೂ ಕೇಳಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ಅರೆತಲೆನೋವಿನ, ಅಂದರೆ ಮೈಗ್ರೇನ್‌ನ, ಮನೆಮದ್ದುಗಳ ಬಗ್ಗೆ ಒಂದು ಬರಹ ಬಂದಿತ್ತು. ಶುಂಠಿ ಅರೆದು ಹಣೆಗೆ ಹಚ್ಚುವುದು, ಕತ್ತಲೆ ಕೋಣೆಯಲ್ಲಿ ಮಲಗುವುದು, ಹೊತ್ತಿಗೆ ಸರಿಯಾಗಿ ಊಟ ಮಾಡುವುದು. ಇದರಲ್ಲಿ ತಪ್ಪೇನಿಲ್ಲ. ಇವನ್ನೆಲ್ಲ ನಾನೂ ಮಾಡಿದ್ದೇನೆ. ಆದರೆ ಕೊನೆಗೆ ಒಂದು ಸಾಲು ಇತ್ತು. ಅರೆತಲೆನೋವು ಹಿಂಸೆ ಕೊಡುತ್ತದೆ ಅಷ್ಟೇ, ಅದರಿಂದ ಅಪಾಯ ಏನೂ ಇಲ್ಲ, ಹೆದರಬೇಡಿ ಅಂತ. ಆ ಸಾಲು ಓದಿದ ಮೇಲೆ ಅವತ್ತು ನನಗೆ ಕೆಲಸ ಮಾಡಲು ಆಗಲಿಲ್ಲ. ಅದೇ ಮಾತು ನಂಬಿಕೊಂಡು ನಾನು 22 ವರ್ಷ ಕಳೆದಿದ್ದೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ ಅಂತ ಗೊತ್ತು. ಆದರೂ ದಯವಿಟ್ಟು ಪೂರ್ತಿ ಹಾಕಿ.

ನಾನು ನಾಪೋಕ್ಲಿನಲ್ಲಿ ಒಂದು ಚಿಕ್ಕ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸ್, ಚೂಡಿದಾರ್, ಶಾಲೆ ಯೂನಿಫಾರಂ, ಸೀರೆಗೆ ಫಾಲ್ಸ್ ಮತ್ತು ಪಿಕೊ. ಮದುವೆ ಸೀಸನ್‌ನಲ್ಲಿ ಕುಪ್ಯ, ಅಂದರೆ ಕೊಡವ ಗಂಡಸರ ಉದ್ದ ಕೋಟು, ಹೊಲಿಯುವ ಕೆಲಸವೂ ಬರುತ್ತದೆ. ನನಗೀಗ 44 ವರ್ಷ. ಈ ತಲೆನೋವು ಶುರುವಾದಾಗ 16. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಹಿಂದಿನ ದಿನ. ಪುಸ್ತಕ ನೋಡುತ್ತಾ ಇದ್ದೆ, ಅಕ್ಷರದ ಮಧ್ಯೆ ಒಂದು ಸಣ್ಣ ಚುಕ್ಕಿ ಮಿನುಗಿತು. ಟ್ಯೂಬ್‌ಲೈಟ್ ನೋಡಿ ಕಣ್ಣು ಮುಚ್ಚಿದರೆ ಉಳಿಯುತ್ತದಲ್ಲ, ಆ ಥರ. ನಿಧಾನಕ್ಕೆ ಅದು ದೊಡ್ಡದಾಯಿತು. ಅಂಚು ಹಲ್ಲು ಹಲ್ಲಾಗಿ, ಹೊಳೆಯುತ್ತಾ, ನಡುಗುತ್ತಾ, ಅರ್ಧ ಬಳೆಯ ಆಕಾರದಲ್ಲಿ ಕಣ್ಣಿನ ಒಂದು ಕಡೆಗೆ ಸರಿಯಿತು. ಅದರ ಒಳಗೆ ಏನೂ ಕಾಣುತ್ತಿರಲಿಲ್ಲ. ಪಿಕೊ ಹೊಲಿಗೆ ಕಲಿತ ಮೇಲೆ ನನಗೆ ಅದಕ್ಕೊಂದು ಹೋಲಿಕೆ ಸಿಕ್ಕಿತು. ಸೀರೆ ಅಂಚಿಗೆ ಬೆಳ್ಳಿ ದಾರದಲ್ಲಿ ಹಾಕಿದ ಪಿಕೊ, ಬಿಸಿಲಿಗೆ ಹಿಡಿದು ಅಲ್ಲಾಡಿಸಿದ ಹಾಗೆ. ಇಪ್ಪತ್ತು ನಿಮಿಷಕ್ಕೆ ಬೆಳಕು ಹೋಯಿತು. ಆಮೇಲೆ ಬಲಗಡೆ ಹಣೆಯಲ್ಲಿ ಸುತ್ತಿಗೆ ಹೊಡೆತ ಶುರುವಾಯಿತು, ವಾಂತಿ ಬಂತು. ಮರುದಿನ ಪರೀಕ್ಷೆ ಬರೆದದ್ದು ನೆನಪಿಲ್ಲ.

ನಮ್ಮಮ್ಮನಿಗೂ ಇದೇ ನೋವು ಇತ್ತು. ಮನೆಯಲ್ಲಿ ಎಲ್ಲರೂ ‘ಪಿತ್ತ ಏರಿದೆ’ ಅನ್ನುತ್ತಿದ್ದರು. ಅಮ್ಮ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಬೆಲ್ಲದ ಕರಿಕಾಫಿ ಕುಡಿದು, ಸೌದೆ ಒಲೆ ಮುಂದೆ ಅಡುಗೆ ಮಾಡುತ್ತಿದ್ದಳು. ಅವಳು ಮಲಗಿದ್ದನ್ನು ನಾನು ನೋಡಿದ್ದು ಕಡಿಮೆ. ಹಾಗಾಗಿ ನಾನೂ ಮಲಗಬಾರದು ಅಂದುಕೊಂಡೆ.

ನಮ್ಮ ಕೊಡಗಿನಲ್ಲಿ ಈ ನೋವನ್ನು ಕರೆಯುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಾರ್ಚ್‌ನಲ್ಲಿ ಹೂ ಮಳೆ ಬಿದ್ದು ಕಾಫಿ ತೋಟ ಇಡೀ ಬೆಳ್ಳಗೆ ಅರಳುತ್ತದೆ. ಪ್ರವಾಸಿಗರು ಅದನ್ನು ನೋಡಲು ಬರುತ್ತಾರೆ. ನನಗೆ ಆ ಪರಿಮಳ ಎರಡನೇ ದಿನಕ್ಕೆ ತಲೆ ಒಳಗೆ ಕೂರುತ್ತದೆ. ಮಡಿಕೇರಿ ಬಸ್‌ನಲ್ಲಿ ಬೆಳಿಗ್ಗೆ ಹೋಗುವಾಗ ಸಿಲ್ವರ್ ಓಕ್ ಮರಗಳ ಸಂದಿಯಿಂದ ಬಿಸಿಲು ಪಟಪಟ ಅಂತ ಕಣ್ಣಿಗೆ ಹೊಡೆಯುತ್ತದೆ. ಅದೂ ಸಾಕು. ಪುತ್ತರಿ ಹಬ್ಬದಲ್ಲಿ ಗುಂಡಿನ ಸದ್ದು, ಮದುವೆ ಮನೆಯಲ್ಲಿ ವಾಲಗ, ಮನೆಯಲ್ಲೇ ಮಾಡಿದ ವೈನ್ ಒಂದು ಗುಟುಕು, ಮಳೆಗಾಲದಲ್ಲಿ ಮೋಡ ಕವಿದು ಕೂರುವ ದಿನ, ನಿದ್ದೆ ಕೆಟ್ಟ ರಾತ್ರಿ, ಊಟ ಬಿಟ್ಟ ಮಧ್ಯಾಹ್ನ. ಒಬ್ಬೊಬ್ಬರಿಗೆ ಒಂದೊಂದು. ಇದೆಲ್ಲ ನಿಮ್ಮ ಬರಹದಲ್ಲೂ ಇತ್ತು. ನಾನು ಹೇಳಬೇಕಾಗಿರುವುದು ಇದರ ಆಚೆಗಿನದು.

35ನೇ ವಯಸ್ಸಿನಲ್ಲಿ ನನಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಲು ಶುರುವಾಯಿತು. ಒಂದು ಕಡೆ ತೋರಿಸಿದೆ. ತಿಂಗಳಿಗೆ 21 ದಿನ ತೆಗೆದುಕೊಳ್ಳುವ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳು ಅಂತ ಚೀಟಿಯಲ್ಲಿತ್ತು. ಚೆನ್ನಾಗಿ ಹಿಡಿಯಿತು. ಮತ್ತೆ ಯಾಕೆ ಡಾಕ್ಟರ್ ಹತ್ತಿರ ಹೋಗುವುದು ಅಂತ ಅದೇ ಸ್ಟ್ರಿಪ್ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ತರುತ್ತಾ ಹೋದೆ. ಮೂರು ತಿಂಗಳಿನದು ಮೂರು ವರ್ಷ ಆಯಿತು. ಅಲ್ಲೇ ತಲೆನೋವಿನ ಮಾತ್ರೆಯನ್ನೂ ತರುತ್ತಿದ್ದೆ, ಒಂದೇ ಚೀಲದಲ್ಲಿ. ತಲೆನೋವು ಇದೆಯಾ, ನೋವಿಗೆ ಮುಂಚೆ ಕಣ್ಣಿಗೆ ಬೆಳಕು ಕಾಣುತ್ತಾ, ಬಿಪಿ ನೋಡಿಸಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ. ನನಗೂ ಹೇಳಬೇಕು ಅನ್ನಿಸಲಿಲ್ಲ. ಹೊಟ್ಟೆ ಕೆಳಗಿನ ತೊಂದರೆಗೂ ಕಣ್ಣ ಮುಂದಿನ ಬೆಳಕಿಗೂ ಏನು ಸಂಬಂಧ ಅಂತ ನಾನು ಯೋಚನೆ ಮಾಡುವುದಾದರೂ ಹೇಗೆ, ಹೇಳಿ?

ಆರು ವರ್ಷದ ಹಿಂದೆ, ಜೂನ್ ಮೊದಲ ವಾರ. ಶಾಲೆ ಶುರುವಾಗಿ ಯೂನಿಫಾರಂ ರಾಶಿ ಬಿದ್ದಿತ್ತು. ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಬೆಳಿಗ್ಗೆ 11ರ ಸುಮಾರಿಗೆ ನೀಲಿ ಬಟ್ಟೆ ಕತ್ತರಿಸುತ್ತಾ ಇದ್ದೆ. ಬಲಗೈಯಿಂದ ಕತ್ತರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಬೆರಳು ಇದೆ, ಆದರೆ ನನ್ನದಲ್ಲ ಅನ್ನುವ ಹಾಗೆ. ಕೆಲಸ ಕಲಿಯಲು ಬರುವ ಹುಡುಗಿಗೆ ‘ನೀರು ಕೊಡು’ ಅಂದೆ. ಅವಳು ನನ್ನ ಮುಖ ನೋಡಿ ‘ಏನಕ್ಕಾ?’ ಅಂದಳು. ಮತ್ತೆ ಹೇಳಿದೆ. ನಾಲಿಗೆ ದಪ್ಪ ಆಗಿತ್ತು. ತಲೆಯೂ ನೋಯುತ್ತಿತ್ತು. ಹಾಗಾಗಿ ನಾನೇ ತೀರ್ಮಾನ ಮಾಡಿದೆ, ಇದು ಅದೇ ಹಳೆಯದು ಅಂತ. ಎರಡು ಮಾತ್ರೆ ನುಂಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಗಂಟಿನ ಮೇಲೆ ಮಲಗಿಬಿಟ್ಟೆ.

ಅವತ್ತು ಆ ಪಿಕೊ ಬೆಳಕು ಬಂದಿರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಎರಡೂವರೆ ಗಂಟೆ ಹಾಗೇ ಹೋಯಿತು. ಹುಡುಗಿ ಹೆದರಿ ನಮ್ಮ ಮನೆಯವರಿಗೆ ಫೋನ್ ಮಾಡಿದಳು. ಅವರು ತೋಟದಿಂದ ಬಂದು ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ‘ಇವರಿಗೆ ಮೈಗ್ರೇನ್ ಇದೆ’ ಅಂತ ಅವರೇ ಹೇಳಿದರು. ಅಲ್ಲಿ ನೋವಿಗೆ ಒಂದು ಇಂಜೆಕ್ಷನ್ ಕೊಟ್ಟು, ಮಲಗಿಸಿ, ಸರಿ ಹೋಗುತ್ತದೆ ಅಂದರು. ಸಂಜೆ 5 ಗಂಟೆಗೆ ಕಾಫಿ ಕುಡಿಯುವಾಗ ಬಾಯಿಯ ಬಲಗಡೆಯಿಂದ ಕಾಫಿ ಸೋರಿತು. ಆಗ ಮಡಿಕೇರಿಗೆ ಓಡಿದೆವು. ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ. ಮಳೆ ಹೊಡೆಯುತ್ತಿತ್ತು. ಮಲಗಿಕೊಂಡೇ ಬಲಗೈ ಬೆರಳು ಮಡಿಸಲು ನೋಡುತ್ತಿದ್ದೆ. ಆಗುತ್ತಿರಲಿಲ್ಲ.

ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಪಾರ್ಶ್ವವಾಯು. ಮಿದುಳಿನ ಎಡಗಡೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ನಾನು ಮೈಸೂರು ಮುಟ್ಟುವಾಗ ರಾತ್ರಿ 11 ಗಂಟೆ ಆಗಿತ್ತು. ಬಿಪಿ 160–100. ಅದೂ ಎಷ್ಟು ದಿನದಿಂದ ಇತ್ತೋ.

ಮರುದಿನ ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ನನ್ನ ಮಂಚದ ಪಕ್ಕ ಕೂತು ಎರಡು ಪ್ರಶ್ನೆ ಕೇಳಿದರು. ‘ತಲೆನೋವಿಗೆ ಮುಂಚೆ ಕಣ್ಣ ಮುಂದೆ ಬೆಳಕು ಬರುತ್ತಾ ಅಮ್ಮ?’ ಹೌದು ಅಂದೆ. ‘ಹಾರ್ಮೋನ್ ಮಾತ್ರೆ ಏನಾದರೂ ತಗೊಳ್ತೀರಾ?’ ಹೌದು ಅಂದೆ. ಅವರು ಕೇಸ್ ಶೀಟ್‌ನಲ್ಲಿ ಬರೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಎರಡು ಪ್ರಶ್ನೆ, ಎರಡು ಹೌದು. ಅರ್ಧ ನಿಮಿಷವೂ ಆಗಲಿಲ್ಲ. ಅದೇ ಎರಡು ಪ್ರಶ್ನೆಯನ್ನು ಮೂರು ವರ್ಷ ಮುಂಚೆ ಯಾರಾದರೂ ಕೇಳಿದ್ದರೆ ಅಂತ ನಾನು ಇವತ್ತಿಗೂ ರಾತ್ರಿ ಎಚ್ಚರವಾದಾಗ ಯೋಚಿಸುತ್ತೇನೆ.

ನನ್ನ ಅಕ್ಕನ ಮಗಳು ನರ್ಸಿಂಗ್ ಓದಿದವಳು. ನಾನು ಹಾಸಿಗೆಯಲ್ಲಿದ್ದ ಎರಡು ತಿಂಗಳು ಅವಳು ರಜೆ ಸಿಕ್ಕಾಗೆಲ್ಲ ಬಂದು ಓದಿ ಹೇಳುತ್ತಿದ್ದಳು. ಡಾಕ್ಟರ್ ಹೇಳಿದ್ದು, ಅವಳು ಓದಿದ್ದು, ಎರಡನ್ನೂ ಸೇರಿಸಿ ಬರೆಯುತ್ತೇನೆ.

ಆ ಬೆಳಕಿಗೆ ‘ಆರಾ’ ಅನ್ನುತ್ತಾರೆ. ಮೈಗ್ರೇನ್ ಇರುವವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಇದು ಬರುತ್ತದೆ. ಕಣ್ಣಿನ ತೊಂದರೆ ಅಲ್ಲ ಅದು. ಮಿದುಳಿನ ಹಿಂಭಾಗದಲ್ಲಿ, ನೋಟಕ್ಕೆ ಸೇರಿದ ಜಾಗದಲ್ಲಿ ಒಂದು ಅಲೆ ಏಳುತ್ತದೆ. ಅಲೆ ಹಾದು ಹೋದ ಕಡೆ ನರಕೋಶಗಳು ಒಮ್ಮೆ ಉರಿದೆದ್ದು ಆಮೇಲೆ ಸ್ವಲ್ಪ ಹೊತ್ತು ಮಂಕಾಗುತ್ತವೆ. 1944ರಲ್ಲಿ ಬ್ರೆಜಿಲ್‌ನ ಲಿಯಾವ್ ಎಂಬ ವಿಜ್ಞಾನಿ ಇಂಥ ಅಲೆಯನ್ನು ಮೊಲದ ಮಿದುಳಿನಲ್ಲಿ ಕಂಡು ಬರೆದಿಟ್ಟರು. ಅದು ಸಾಗುವ ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. ಇದನ್ನು ಅಕ್ಕನ ಮಗಳು ಓದಿದಾಗ ನಾನು ಎದ್ದು ಕೂತೆ. ನನ್ನ ಮೆಷಿನ್‌ನಲ್ಲಿ ಒಂದು ಹೊಲಿಗೆಯ ಉದ್ದ ಹೆಚ್ಚುಕಡಿಮೆ ಅಷ್ಟೇ. ನಿಮಿಷಕ್ಕೆ ಒಂದು ಹೊಲಿಗೆ. ಅದಕ್ಕೇ ಆ ಬೆಳಕು ಅಷ್ಟು ನಿಧಾನಕ್ಕೆ ಬೆಳೆಯುತ್ತದೆ, ಅಲ್ವಾ?

ಪಾರ್ಶ್ವವಾಯು ಹಾಗಲ್ಲ. ಅದು ಸಾಮಾನ್ಯವಾಗಿ ಒಂದೇ ಸಲಕ್ಕೆ ಬರುತ್ತದೆ. ಆರಾ ಐದು ನಿಮಿಷಕ್ಕಿಂತ ಜಾಸ್ತಿ ಹೊತ್ತಿನಲ್ಲಿ ಮೆಲ್ಲಗೆ ಹರಡುತ್ತದೆ, ಮಿನುಗುತ್ತದೆ, ಜೋಮು ಬಂದರೂ ಬೆರಳಿಂದ ಕೈಗೆ, ಕೈಯಿಂದ ಕೆನ್ನೆಗೆ ಹತ್ತುತ್ತಾ ಹೋಗುತ್ತದೆ, ಹೆಚ್ಚಾಗಿ ಒಂದು ಗಂಟೆಯೊಳಗೆ ಬಿಡುತ್ತದೆ. ನನ್ನ ಕತ್ತರಿ ಮೆಲ್ಲಗೆ ಬೀಳಲಿಲ್ಲ. ಥಟ್ಟನೆ ಬಿತ್ತು. ಈ ವ್ಯತ್ಯಾಸ ಗೊತ್ತಿದ್ದರೆ ನಾನು ಬಟ್ಟೆ ಗಂಟಿನ ಮೇಲೆ ಮಲಗುತ್ತಿರಲಿಲ್ಲ. ಹಾಗಂತ ಮನೆಯಲ್ಲೇ ಕೂತು ಇದು ಅದೋ, ಅದು ಇದೋ ಅಂತ ಲೆಕ್ಕ ಹಾಕಬೇಡಿ. ಬಾಯಿ ಒಂದು ಕಡೆ ಎಳೆದರೆ, ಕೈ ಎತ್ತಿ ಹಿಡಿದಾಗ ಒಂದು ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ಗಡಿಯಾರ ನೋಡಿ ಟೈಮ್ ಬರೆದಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಮೈಗ್ರೇನ್ ಇರುವವರಿಗೆ ಇದು ಇನ್ನೂ ಮುಖ್ಯ. ಯಾಕೆಂದರೆ ನಮಗೆ ಏನೇ ಆದರೂ ಎಲ್ಲರೂ, ನಾವೂ ಸೇರಿ, ಅದನ್ನು ಮೈಗ್ರೇನ್ ಲೆಕ್ಕಕ್ಕೇ ಹಾಕುತ್ತೇವೆ.

ಇನ್ನು ಅಪಾಯದ ಮಾತು. ಆರಾ ಬರುವ ಮೈಗ್ರೇನ್ ಇದ್ದರೆ, ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿನ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಿಕ್ಕ ಲೆಕ್ಕ ಇದು. 45 ವರ್ಷದ ಒಳಗಿನ ಹೆಂಗಸರಲ್ಲಿ ಇದು ಎದ್ದು ಕಾಣುತ್ತದೆ. ಅದರ ಜೊತೆಗೆ ಬೀಡಿ ಸಿಗರೇಟು ಸೇರಿದರೆ, ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಮಾತ್ರೆ ಸೇರಿದರೆ, ಬಿಪಿ ಸೇರಿದರೆ ಸಾಧ್ಯತೆ ಇನ್ನೂ ಮೇಲೆ ಹೋಗುತ್ತದೆ. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚು ಮಾಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ, ಆರಾ ಇರುವ ಹೆಂಗಸರಿಗೆ ಈಸ್ಟ್ರೋಜನ್ ಸೇರಿದ ಗರ್ಭನಿರೋಧಕ ಮಾತ್ರೆ 4ನೇ ವರ್ಗದಲ್ಲಿದೆ. 4ನೇ ವರ್ಗ ಅಂದರೆ ಕೊಡಲೇಬಾರದು ಅಂತ. ನಾನು ಮೂರು ವರ್ಷ ನುಂಗಿದ್ದು ಅದೇ ಜಾತಿಯ ಮಾತ್ರೆ.

ಹೃದಯಕ್ಕೂ ಇದಕ್ಕೂ ನಂಟಿದೆ. ಅಮೆರಿಕದಲ್ಲಿ 1 ಲಕ್ಷದ 15 ಸಾವಿರಕ್ಕಿಂತ ಹೆಚ್ಚು ನರ್ಸ್‌ಗಳನ್ನು 20 ವರ್ಷಕ್ಕೂ ಮಿಕ್ಕಿ ಗಮನಿಸಿದ ಒಂದು ಅಧ್ಯಯನ 2016ರಲ್ಲಿ ಬಂತು. ಮೈಗ್ರೇನ್ ಇದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ಸುಮಾರು ಒಂದೂವರೆ ಪಟ್ಟು ಕಂಡಿತು. ಅದರಲ್ಲಿ ಹಾರ್ಟ್ ಅಟ್ಯಾಕ್ ಕೂಡ ಇತ್ತು, ಪಾರ್ಶ್ವವಾಯು ಕೂಡ ಇತ್ತು. ತಲೆನೋವೇ ಹೃದಯವನ್ನು ಕೆಡಿಸುತ್ತದೆ ಅಂತ ಇದರ ಅರ್ಥ ಅಲ್ಲ. ಎರಡೂ ಒಟ್ಟಿಗೆ ಇರುವುದು ಜಾಸ್ತಿ, ಹಾಗಾಗಿ ತಲೆನೋವಿನವರ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ ಅಂತ ಅರ್ಥ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದನ್ನು ಓದಿ ಯಾರೂ ನಿದ್ದೆಗೆಡಬೇಡಿ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿದಾಗ, ದೊಡ್ಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಅಷ್ಟು ಜನರಿಗೆ ಪಾರ್ಶ್ವವಾಯು ಹೊಡೆಯುವುದಿಲ್ಲ. ಸಣ್ಣ ವಯಸ್ಸಿನಲ್ಲಿ ಪಾರ್ಶ್ವವಾಯು ಬರುವುದೇ ಅಪರೂಪ. ಅಪರೂಪದ್ದು ಎರಡು ಪಟ್ಟಾದರೂ ಅಪರೂಪವೇ. 10 ಸಾವಿರದಲ್ಲಿ ಒಬ್ಬರಿಗೆ ಬರುತ್ತಿತ್ತು ಅಂದುಕೊಳ್ಳಿ, ಅದು ಇಬ್ಬರಿಗೆ ಬಂದ ಹಾಗೆ. ಆದರೆ ಆ ಎರಡನೆಯವಳು ನಾನು. ನನ್ನ ವಿಷಯದಲ್ಲಿ ಅದನ್ನು ತಪ್ಪಿಸಲು ಒಳ್ಳೆಯ ಅವಕಾಶ ಇತ್ತು. ನನ್ನ ಕೋಪ ಇರುವುದು ಅಲ್ಲಿ.

ಮಾತ್ರೆಗಳ ಬಗ್ಗೆಯೂ ಹೇಳಲೇಬೇಕು. ನನ್ನ ಮೆಷಿನ್‌ನ ಡ್ರಾಯರ್‌ನಲ್ಲಿ ಬಾಬಿನ್ ಜೊತೆಗೆ ಯಾವಾಗಲೂ ತಲೆನೋವಿನ ಮಾತ್ರೆ ಇರುತ್ತಿತ್ತು. ಕೊನೆಕೊನೆಗೆ ತಿಂಗಳಲ್ಲಿ 20 ದಿನ ನುಂಗುತ್ತಿದ್ದೆ. ನೋವು ಜಾಸ್ತಿ ಆಗಿದ್ದಕ್ಕೆ ಮಾತ್ರೆ ಜಾಸ್ತಿ ಆಯಿತು ಅಂದುಕೊಂಡಿದ್ದೆ. ಅದು ತಿರುಗಮುರುಗ ಕೂಡ ಇರಬಹುದು ಅಂತ ಗೊತ್ತಾಗಿದ್ದು ಮೈಸೂರಿನಲ್ಲಿ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಹಲವು ಔಷಧ ಸೇರಿಸಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಜಾಸ್ತಿ, ಹೀಗೆ ಮೂರು ತಿಂಗಳು ಮೀರಿ ತೆಗೆದುಕೊಂಡರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಕೆಲವು ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೆ ಪೆಟ್ಟು ಕೊಡುತ್ತವೆ, ಬಿಪಿ ಏರಿಸುತ್ತವೆ. ಇನ್ನು ಕೆಲವು ಮೈಗ್ರೇನ್ ಮಾತ್ರೆಗಳಲ್ಲಿ ಎರ್ಗೊಟಮಿನ್ ಎಂಬ ಔಷಧ ಇರುತ್ತದೆ. ಅದು ರಕ್ತನಾಳವನ್ನು ಬಿಗಿ ಮಾಡುತ್ತದೆ. ಹೃದಯದ ತೊಂದರೆ ಇದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಬಸುರಿಯರು ಅದನ್ನು ಮುಟ್ಟಬಾರದು. ನಾನು ನುಂಗುತ್ತಿದ್ದ ಮಾತ್ರೆಯಲ್ಲೂ ಅದಿತ್ತು. ಸ್ಟ್ರಿಪ್‌ನ ಹಿಂದೆ ಇಂಗ್ಲಿಷ್‌ನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು. ನಾನು ಸೂಜಿಗೆ ದಾರ ಪೋಣಿಸುವವಳು, ನನಗೂ ಓದಲು ಆಗಿರಲಿಲ್ಲ.

ಅದೆಲ್ಲ ಬಿಟ್ಟ ಮೊದಲ ಎರಡು ವಾರ ನರಕ. ಆಮೇಲೆ ತಿಳಿಯಾಯಿತು. ಈಗ ನೋವು ಬಾರದ ಹಾಗೆ ತಡೆಯಲು ದಿನಾ ರಾತ್ರಿ ಒಂದು ಮಾತ್ರೆ ಕೊಟ್ಟಿದ್ದಾರೆ. ತಿಂಗಳಿಗೆ ಹತ್ತು ಹನ್ನೆರಡು ಸಲ ಬರುತ್ತಿದ್ದದ್ದು ಒಂದೆರಡಕ್ಕೆ ಇಳಿದಿದೆ. ಮೈಗ್ರೇನ್‌ಗೆ ಹೀಗೆ ತಡೆಯುವ ಔಷಧ ಇದೆ ಅನ್ನುವುದೇ ನನಗೆ 38 ವರ್ಷದವರೆಗೆ ಗೊತ್ತಿರಲಿಲ್ಲ. ಅದರ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಒಬ್ಬರಿಗೆ ಆಗುವುದು ಇನ್ನೊಬ್ಬರಿಗೆ ಆಗುವುದಿಲ್ಲ, ಉಬ್ಬಸ ಇದ್ದವರಿಗೆ ಒಂದು ಬೇಡ, ಮಗು ಬೇಕೆನ್ನುವವರಿಗೆ ಇನ್ನೊಂದು ಬೇಡ. ಡಾಕ್ಟರೇ ನೋಡಿ ಕೊಡಬೇಕು.

ಬಾಣಂತಿಯರ ವಿಷಯ ಬರೆಯದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಹೆರಿಗೆ ಆದವಳಿಗೆ ನೀರು ಜಾಸ್ತಿ ಕೊಡಬಾರದು ಅನ್ನುವ ನಂಬಿಕೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಮೊದಲೇ ಜಾಸ್ತಿ. ನೀರೂ ಕಡಿಮೆಯಾದರೆ ಮಿದುಳಿನ ರಕ್ತನಾಳದಲ್ಲೇ ಗಡ್ಡೆ ಕಟ್ಟಬಹುದು. ಅದರ ಮೊದಲ ಲಕ್ಷಣ ಹೆಚ್ಚಾಗಿ ತಲೆನೋವು. ಬಸುರಿಗೆ ಜೋರು ತಲೆನೋವು ಬಂದರೆ ಅದು ಬಿಪಿ ಏರಿದ್ದರ ಸೂಚನೆ ಇರಬಹುದು. ಮೈಗ್ರೇನ್ ಇದ್ದವರಿಗೆ ಬಸುರಿನಲ್ಲಿ ಬಿಪಿ ಏರುವ ತೊಂದರೆ ಬೇರೆಯವರಿಗಿಂತ ಜಾಸ್ತಿ. ‘ಅವಳಿಗೆ ಮೊದಲಿಂದಲೂ ತಲೆನೋವು’ ಅಂತ ಮನೆಯಲ್ಲಿ ಸುಮ್ಮನೆ ಕೂರಬೇಡಿ. 50 ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವು, ಸಿಡಿಲಿನ ಹಾಗೆ ಒಂದೇ ಏಟಿಗೆ ಬಂದದ್ದು, ಜ್ವರದ ಜೊತೆ ಕುತ್ತಿಗೆ ಬಿಗಿದದ್ದು, ಇವಕ್ಕೂ ಇದೇ ಮಾತು.

ಮನಸ್ಸಿನ ವಿಷಯ ಒಂದೇ ಒಂದು ಪ್ಯಾರಾ. ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿದರೆ ಬದುಕು ಸಾಕು ಅನ್ನಿಸುತ್ತದೆ. ನನಗೆ ಅನ್ನಿಸಿತ್ತು. ಮೈಗ್ರೇನ್ ಇರುವವರಲ್ಲಿ ಖಿನ್ನತೆ ಮತ್ತು ಆತಂಕ ಬೇರೆಯವರಿಗಿಂತ ಎಷ್ಟೋ ಜಾಸ್ತಿ. ನಾಟಕ ಅಂತ ಮನೆಯವರು ಅನ್ನುವುದು ಗಾಯದ ಮೇಲೆ ಉಪ್ಪು. 14416 ಅನ್ನುವ ಟೆಲಿ ಮಾನಸ್ ನಂಬರ್‌ಗೆ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನನ್ನ ಅಂಗಡಿಯ ಕ್ಯಾಲೆಂಡರ್ ಮೇಲೆ ಆ ನಂಬರ್ ಬರೆದಿದ್ದೇನೆ.

ಅಂಗಡಿಗೆ ಬರುವವರನ್ನು ಈಗ ನಾನೇ ಕೇಳುತ್ತೇನೆ. ಅಳತೆ ತೆಗೆಯುವಾಗ ಹೆಂಗಸರು ಏನೇನೋ ಹೇಳಿಕೊಳ್ಳುತ್ತಾರೆ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವವರು ಬೆಳಿಗ್ಗೆ ತಿಂಡಿ ತಿನ್ನದೆ ತೋಟಕ್ಕೆ ಹೋಗಿರುತ್ತಾರೆ, ಬಾಯಲ್ಲಿ ಎಲೆಅಡಿಕೆ ಹೊಗೆಸೊಪ್ಪು ಇರುತ್ತದೆ, ಸಂತೆ ದಿನ ತಲೆನೋವಿನ ಮಾತ್ರೆ ವಾರಕ್ಕಾಗುವಷ್ಟು ಒಟ್ಟಿಗೆ ಕಟ್ಟಿಸಿಕೊಂಡು ಹೋಗುತ್ತಾರೆ. ಕಾಫಿ ಕುಯ್ಲು ಮುಗಿಯುವವರೆಗೆ ಅವರಿಗೆ ಆಸ್ಪತ್ರೆಗೆ ಪುರುಸೊತ್ತಿಲ್ಲ. ‘ಬೆಳಕು ಬರುತ್ತಾ?’ ಅಂತ ಕೇಳಿದರೆ ಕೆಲವರಿಗೆ ಆಶ್ಚರ್ಯ. ‘ನಿಮಗೆ ಹೇಗೆ ಗೊತ್ತು?’ ಅನ್ನುತ್ತಾರೆ. ಕಳೆದ ವರ್ಷ ಒಬ್ಬಳು ಹುಡುಗಿ, ಮದುವೆಗೆ ಬ್ಲೌಸ್ ಹೊಲಿಸಲು ಬಂದವಳು, ಹೌದು ಅಂದಳು. ಅವಳು ಇನ್ನೊಂದು ತಿಂಗಳಲ್ಲಿ ಗರ್ಭನಿರೋಧಕ ಮಾತ್ರೆ ಶುರು ಮಾಡುವವಳಿದ್ದಳು. ಡಾಕ್ಟರ್‌ಗೆ ಇದನ್ನು ಹೇಳು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಬೇರೆ ದಾರಿ ಹೇಳಿದರಂತೆ. ಹಾರ್ಮೋನ್ ಇಲ್ಲದ ಕಾಪರ್-ಟಿ ಇದೆ, ಈಸ್ಟ್ರೋಜನ್ ಇಲ್ಲದ ಬೇರೆ ಉಪಾಯಗಳೂ ಇವೆ. ಮಾತ್ರೆಯನ್ನು ನಾನು ಹಳಿಯುತ್ತಿಲ್ಲ. ಸರ್ಕಾರ ಪುಕ್ಕಟೆ ಕೊಡುವ ಮಾಲಾ-ಎನ್ ಎಷ್ಟೋ ಹೆಂಗಸರಿಗೆ ಆಸರೆ. ಆದರೆ ಅದರಲ್ಲೂ ಈಸ್ಟ್ರೋಜನ್ ಇದೆ. ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ ಅನ್ನುವುದಷ್ಟೇ ನನ್ನ ಬೇಡಿಕೆ.

ಯಾರು ಕೇಳಬೇಕು? ಆಶಾ ಕಾರ್ಯಕರ್ತೆಯರು ಕೇಳಬೇಕು. ಅವರು ಪ್ರತಿ ಮನೆಯ ಹೊಸ್ತಿಲು ಬಲ್ಲವರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಲೆನೋವು ಅಂತ ಬಂದವರ ತೋಳಿಗೆ ಬಿಪಿ ಪಟ್ಟಿ ಕಟ್ಟಬೇಕು, ವಯಸ್ಸು ಎಷ್ಟೇ ಇರಲಿ. ಮೆಡಿಕಲ್ ಶಾಪ್‌ನವರು ಹಳೆಯ ಸ್ಟ್ರಿಪ್ ನೋಡಿ ಹೊಸದು ಕೊಡಬಾರದು. ಇದಕ್ಕೆ ಹೊಸ ಕಟ್ಟಡ ಬೇಡ, ಮೆಷಿನ್ ಬೇಡ.

ದೊಡ್ಡ ಬೇಡಿಕೆಯೂ ಇದೆ. 2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ನಮ್ಮ ಹುಡುಗರು ಫೇಸ್‌ಬುಕ್, ಟ್ವಿಟರ್‌ನಲ್ಲಿ ಎಬ್ಬಿಸಿದ ಕೂಗು ಎಲ್ಲರಿಗೂ ನೆನಪಿರಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಭಾಗಮಂಡಲದ ಕಡೆಯವರಿಗೆ ಇನ್ನೂ ದೂರ, ಮೊದಲೆಲ್ಲ ಮಳೆಗಾಲದಲ್ಲಿ ಸಂಗಮ ತುಂಬಿದರೆ ರಸ್ತೆಯೇ ಇರುತ್ತಿರಲಿಲ್ಲ. ನಾಲ್ಕೂವರೆ ಗಂಟೆಯ ಲೆಕ್ಕ ಹಾಕಿ ನೋಡಿ. ತೋಟದ ಒಳಗಿನ ಮನೆಯಿಂದ ಜೀಪು ಸಿಕ್ಕಿ, ಮೇನ್ ರೋಡ್ ಮುಟ್ಟಿ, ಮಡಿಕೇರಿ, ಆಮೇಲೆ ಮೈಸೂರು. ಸ್ಕ್ಯಾನ್ ಮಾಡಿ ಇಂಜೆಕ್ಷನ್ ಕೊಡುವ ವ್ಯವಸ್ಥೆ ರಾತ್ರಿ ಹಗಲು ಜಿಲ್ಲೆಯ ಒಳಗೇ ಇರಬೇಕು, ಮತ್ತು ಅದು ಎಲ್ಲಿದೆ ಅಂತ ಪ್ರತಿ ಹಳ್ಳಿಗೂ ಗೊತ್ತಿರಬೇಕು. ನಿಮ್ಹಾನ್ಸ್ ಮತ್ತು ಸರ್ಕಾರ ಸೇರಿ ಮಿದುಳಿನ ಆರೋಗ್ಯಕ್ಕೆ ಅಂತ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಕ್ಲಿನಿಕ್ ಶುರು ಮಾಡಿದರು. ಪಾರ್ಶ್ವವಾಯು, ಮೂರ್ಛೆ, ಮರೆವಿನ ಜೊತೆ ತಲೆನೋವನ್ನೂ ಅದರಲ್ಲಿ ಸೇರಿಸಿದ್ದಾರೆ ಅಂತ ಓದಿ ನನಗೆ ಕಣ್ಣು ತುಂಬಿತು. ತಲೆನೋವನ್ನು ಒಂದು ಕಾಯಿಲೆ ಅಂತ ಯಾರೋ ಪಟ್ಟಿಯಲ್ಲಿ ಬರೆದರಲ್ಲ. ಆ ಕೆಲಸ ನಮ್ಮ ತಾಲ್ಲೂಕು ಆಸ್ಪತ್ರೆಗಳ ತನಕ ಬರಲಿ.

ನನ್ನ ಬಲಗೈ ಮುಕ್ಕಾಲು ಪಾಲು ಬಂದಿದೆ. ಮೆಷಿನ್ ತುಳಿಯುತ್ತೇನೆ, ಬಟ್ಟೆ ಕತ್ತರಿಸುತ್ತೇನೆ. ಕೈಯಲ್ಲಿ ಕಾಜ ಹೊಲಿಯಲು ಮಾತ್ರ ಹೆಬ್ಬೆರಳು ಕೇಳುವುದಿಲ್ಲ. ಕುಪ್ಯ ಬಂದರೆ ಆ ಕೆಲಸವನ್ನು ಈಗ ಅದೇ ಹುಡುಗಿ ಮಾಡುತ್ತಾಳೆ. ಅವತ್ತು ‘ಏನಕ್ಕಾ?’ ಅಂದವಳು.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಒಂದೇ. ಮುಂದಿನ ಭಾನುವಾರದ ಆರೋಗ್ಯ ಪುಟದಲ್ಲಿ ಆ ಸಾಲನ್ನು ತಿದ್ದಿ ಹಾಕಿ. ಅದರ ಪಕ್ಕದಲ್ಲೇ ಈ ನಾಲ್ಕು ಪ್ರಶ್ನೆ ದಪ್ಪ ಅಕ್ಷರದಲ್ಲಿ ಇರಲಿ: ನೋವಿಗೆ ಮುಂಚೆ ಬೆಳಕು ಬರುತ್ತಾ, ಹಾರ್ಮೋನ್ ಮಾತ್ರೆ ತಗೊಳ್ತೀರಾ, ಬೀಡಿ ಸಿಗರೇಟು ಹೊಗೆಸೊಪ್ಪು ಇದೆಯಾ, ಬಿಪಿ ಯಾವಾಗ ನೋಡಿಸಿದಿರಿ. ಕನ್ನಡಕ ಇಲ್ಲದವರೂ ಓದುವಷ್ಟು ದೊಡ್ಡದಾಗಿ ಹಾಕಿ. ಅಂಗಡಿಯ ಕನ್ನಡಿಯ ಪಕ್ಕ, ಹೆಂಗಸರು ಬ್ಲೌಸ್ ಹಾಕಿ ನೋಡುವ ಜಾಗದಲ್ಲಿ, ಅದನ್ನು ಅಂಟಿಸಲು ಗೋಡೆ ಖಾಲಿ ಮಾಡಿಟ್ಟಿದ್ದೇನೆ.

ಇಂತಿ,
ನಾಪೋಕ್ಲಿನ ಒಬ್ಬ ಹೊಲಿಗೆಯವಳು
ಕೊಡಗು